ಹೆಸರಿನ ಹೊಲದಲ್ಲೊಂದು ವೈರಸ್ ಪಾಠ

ಆಷಾಢದ ಒಂದು ರವಿವಾರ ಎಂದಿಟ್ಟುಕೊಳ್ಳಿ. ಗದಗ ತಾಲ್ಲೂಕಿನ ಕೋಟುಮಚಗಿಯ ಎರೆಹೊಲಗಳಲ್ಲಿ ಹೆಸರು ಹೂ ಬಿಡುವ ಹೊತ್ತು. ಎರಡನೆಯ ಇಯತ್ತೆಯ ಹುಡುಗಿಯೊಬ್ಬಳು ಅಜ್ಜನ ಹಿಂದೆ ಹೊಲಕ್ಕೆ ಬಂದಿದ್ದಾಳೆ. ದಾರಿಯುದ್ದಕ್ಕೂ ವಟವಟ ಎನ್ನುವವಳು ಅಂದು ತುಟಿ ಬಿಚ್ಚಿಲ್ಲ. ಬದುವಿನ ಮೇಲೆ ಕುಳಿತು ಕಡ್ಡಿಯಿಂದ ಮಣ್ಣು ಕೆದರುತ್ತ ಕೊನೆಗೊಮ್ಮೆ ಕೇಳುತ್ತಾಳೆ:

“ಅಜ್ಜಾ, ನನ್ನ ಗೆಳತಿ ಮೊನ್ನಿಯಿಂದ ಸಾಲಿಗೆ ಬಂದಿಲ್ಲ. ಆಕೀ ಗಲ್ಲ ಬಾತಾವ. ಹುಡುಗ್ರೆಲ್ಲ ‘ಮಂಗ್ಯಾ, ಮಂಗ್ಯಾ’ ಅಂತ ನಗತಾರ. ಆಕಿ ಸುಳ್ಳು ಹೇಳಿದ್ದಕ್ಕ ಹಂಗಾತು ಅಂತಾರ. ಖರೇನ ಏನಜ್ಜಾ?”

ಅಜ್ಜ ಉತ್ತರ ಕೊಡುವುದಿಲ್ಲ. ಎದ್ದು ಹೋಗಿ ಒಂದು ಎಲೆ ಕಿತ್ತು ತರುತ್ತಾನೆ. ಹಸಿರಿನ ನಡುವೆ ಅರಿಷಿಣ ಚಿಮುಕಿಸಿದಂತೆ ಹಳದಿ ಚುಕ್ಕೆಗಳಿರುವ ಹೆಸರಿನ ಎಲೆ. ಅದನ್ನು ಮೊಮ್ಮಗಳ ಅಂಗೈಯಲ್ಲಿಟ್ಟು ಕೇಳುತ್ತಾನೆ: “ಇದು ಏನ್ ಸುಳ್ಳು ಹೇಳಿತ್ತವ್ವ?”

ಸಣ್ಣ ಮಕ್ಕಳಿಗೆ ವೈರಸ್ ಎಂದರೇನು ಎಂದು ತಿಳಿಸಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು. ಮಗು ಕೇಳಿದ್ದು ವೈರಸ್ಸಿನ ಆಕಾರವನ್ನಲ್ಲ, ಅದರ ಗಾತ್ರವನ್ನೂ ಅಲ್ಲ. ಗೆಳತಿ ತಪ್ಪಿತಸ್ಥಳೇ ಎಂಬುದು ಅದರ ಪ್ರಶ್ನೆ. ಐದಾರು ವರ್ಷದ ಮಕ್ಕಳು ಬೇನೆಯನ್ನು ಶಿಕ್ಷೆ ಎಂದು ತಿಳಿಯುವುದು ಅಪರೂಪವಲ್ಲ. ‘ಮಾತು ಕೇಳಲಿಲ್ಲ, ಅದಕ್ಕೇ ಜ್ವರ ಬಂತು’ ಎಂದು ನಾವೇ ಎಷ್ಟು ಸಲ ಹೇಳಿಲ್ಲ? ಆ ಮಾತು ಅವರ ಮನಸ್ಸಿನಲ್ಲಿ ಹಾಗೆಯೇ ಉಳಿಯುತ್ತದೆ. ಮುಂದೆ ತಮಗೇ ಜ್ವರ ಬಂದಾಗ ‘ನಾನೇನು ಮಾಡಿದೆ?’ ಎಂದು ಒಳಗೊಳಗೇ ಕೊರಗುತ್ತವೆ. ನೆರೆಮನೆಯವನಿಗೆ ಬಂದರೆ ಅವನನ್ನು ಹಳಿಯುತ್ತವೆ.

ಭಯವೂ ಅಲ್ಲ, ಮೌನವೂ ಅಲ್ಲ

ಮಕ್ಕಳು ಇಂಥ ಪ್ರಶ್ನೆ ಕೇಳಿದಾಗ ಹಿರಿಯರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ‘ದೊಡ್ಡವನಾದ ಮೇಲೆ ತಿಳಿಯುತ್ತದೆ’ ಎಂದು ಬಾಯಿ ಮುಚ್ಚಿಸುವುದು. ಇನ್ನೊಂದು, ಹೆದರಿಸುವುದು. ಕೊರೊನಾ ಕಾಲದಲ್ಲಿ ಎರಡೂ ಧಾರಾಳವಾಗಿ ನಡೆದವು. ಗೋಡೆಯ ಚಿತ್ರಗಳಲ್ಲಿ ವೈರಸ್ಸಿಗೆ ಕೋರೆಹಲ್ಲು, ಕೆಂಗಣ್ಣು ಬಂದವು. ‘ಅಜ್ಜಿಯ ಹತ್ತಿರ ಹೋದರೆ ನಿನ್ನಿಂದ ಅವಳು ಸಾಯುತ್ತಾಳೆ’ ಎಂಬ ಮಾತನ್ನು ಕೇಳಿಸಿಕೊಂಡ ಮಕ್ಕಳೂ ಇದ್ದಾರೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ನಮ್ಮ ರಾಜ್ಯದ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಆ ಮಕ್ಕಳು ಮನೆಯಲ್ಲಿ ಕಾಣದ ರಾಕ್ಷಸನೊಬ್ಬನನ್ನು ಊಹಿಸಿಕೊಂಡು ಕುಳಿತಿದ್ದವು.

ರಾಕ್ಷಸನ ಕಥೆ ಹೇಳುವುದು ಸುಲಭ. ಆದರೆ ರಾಕ್ಷಸನಿಗೆ ಸಿಟ್ಟಿರುತ್ತದೆ, ಸೇಡಿರುತ್ತದೆ. ಅವನು ಯಾರನ್ನೋ ಆರಿಸಿಕೊಂಡು ಬರುತ್ತಾನೆ. ವೈರಸ್ಸಿಗೆ ಇದಾವುದೂ ಇಲ್ಲ. ಕನ್ನಡದಲ್ಲಿ ಅದಕ್ಕೆ ‘ವೈರಾಣು’ ಎಂಬ ಹೆಸರು ರೂಢಿಗೆ ಬಂದಿದೆ. ಕಿವಿಗೆ ಚೆನ್ನಾಗಿದೆ, ಆದರೆ ಮಗು ಅದರಲ್ಲಿ ‘ವೈರ’ವನ್ನೇ ಕೇಳಿಸಿಕೊಳ್ಳುತ್ತದೆ. ಅದಕ್ಕಿಂತ ರೈತರ ಬಾಯಲ್ಲಿರುವ ಹಳೆಯ ಮಾತೇ ವಾಸಿ: ನಂಜು. ಹೆಸರಿನ ಎಲೆಯ ಈ ಬೇನೆಗೆ ‘ಹಳದಿ ನಂಜು ರೋಗ’ ಎನ್ನುತ್ತಾರೆ. ವೈರಸ್ ಎಂಬ ಲ್ಯಾಟಿನ್ ಪದದ ಮೂಲ ಅರ್ಥವೂ ವಿಷ, ಅಂದರೆ ನಂಜು ಎಂದೇ. ‘ನಂಜಾಣು’ ಎಂದು ಬರೆಯುವವರು ಈ ಎರಡನ್ನೂ ಒಂದುಗೂಡಿಸಿದ್ದಾರೆ.

ಎಲೆಯಿಂದಲೇ ಸಿಕ್ಕ ಸುಳಿವು

ಎಲೆಯಿಂದ ಪಾಠ ಆರಂಭಿಸುವುದಕ್ಕೆ ಇನ್ನೊಂದು ಕಾರಣವಿದೆ. ಮನುಷ್ಯನಿಗೆ ವೈರಸ್ಸಿನ ಸುಳಿವು ಮೊದಲು ಸಿಕ್ಕಿದ್ದೂ ಒಂದು ಎಲೆಯಿಂದಲೇ. ಅದು ಹೊಗೆಸೊಪ್ಪಿನ ಎಲೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ಹೊಗೆಸೊಪ್ಪಿನ ಹೊಲಗಳಲ್ಲಿ ಎಲೆಗಳ ಮೇಲೆ ತಿಳಿ ಹಸಿರು, ಕಡು ಹಸಿರು ಮಚ್ಚೆಗಳು ಕಾಣಿಸಿಕೊಂಡು ಬೆಳೆ ಕೆಡುತ್ತಿತ್ತು. ರೋಗಕ್ಕೆಲ್ಲ ಬ್ಯಾಕ್ಟೀರಿಯಾಗಳೇ ಕಾರಣ ಎಂದು ವಿಜ್ಞಾನಿಗಳು ಆಗ ನಂಬಿದ್ದರು. ಬ್ಯಾಕ್ಟೀರಿಯಾಗಳನ್ನು ತಡೆಹಿಡಿಯುವ ಪಿಂಗಾಣಿ ಸೋಸಣಿಗೆಯೂ ಅವರ ಬಳಿ ಇತ್ತು. 1892ರಲ್ಲಿ ರಷ್ಯದ ದಿಮಿತ್ರಿ ಇವನೋವ್‌ಸ್ಕಿ ರೋಗದ ಎಲೆಯ ರಸವನ್ನು ಅಂಥ ಸೋಸಣಿಗೆಯಲ್ಲಿ ಸೋಸಿದ. ಸೋಸಿದ ರಸವನ್ನು ಒಳ್ಳೆಯ ಗಿಡಕ್ಕೆ ಹಚ್ಚಿದರೆ ಅದಕ್ಕೂ ರೋಗ ಬಂತು! ಬ್ಯಾಕ್ಟೀರಿಯಾಗಿಂತ ಸಣ್ಣದೇನೋ ಸೋಸಣಿಗೆಯ ರಂಧ್ರಗಳಲ್ಲಿ ನುಸುಳಿತ್ತು. 1898ರಲ್ಲಿ ಹಾಲೆಂಡಿನ ಮಾರ್ಟಿನಸ್ ಬೈಯರಿಂಕ್ ಇದೇ ಪ್ರಯೋಗ ಮಾಡಿ, ಇದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಬೇರೆಯೇ ಒಂದು ಬಗೆ ಎಂದು ಸಾರಿ ಅದನ್ನು ‘ವೈರಸ್’ ಎಂದು ಕರೆದ. ಅದನ್ನು ಕಣ್ಣಾರೆ ಕಾಣಲು ಇನ್ನೂ ನಾಲ್ಕು ದಶಕ ಬೇಕಾಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೊಗೆಸೊಪ್ಪಿನ ವೈರಸ್ಸಿನ ಚಿತ್ರ ಸಿಕ್ಕಿದ್ದು 1939ರಲ್ಲಿ.

ಎಷ್ಟು ಸಣ್ಣದು? ಮಕ್ಕಳಿಗೆ ನ್ಯಾನೊಮೀಟರಿನ ಲೆಕ್ಕ ಬೇಡ. ಅಂಗೈ ಮೇಲೆ ಒಂದು ಹೆಸರಿನ ಕಾಳು ಇಡಿ. ಅದರ ಉದ್ದ ಸುಮಾರು ನಾಲ್ಕು ಮಿಲಿಮೀಟರು. ಅದರ ಈ ತುದಿಯಿಂದ ಆ ತುದಿಯವರೆಗೆ ಕೊರೊನಾ ವೈರಸ್ಸುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಕೂರಿಸಿದರೆ ಸುಮಾರು 40,000 ಹಿಡಿಯುತ್ತವೆ. ಹಲವು ಹಳ್ಳಿಗಳ ಜನ ಒಂದೇ ಕಾಳಿನ ಮೇಲೆ ಪಾಳಿ ಹಚ್ಚಿ ನಿಂತ ಹಾಗೆ. ಶಾಲೆಯ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಅವು ಕಾಣುವುದಿಲ್ಲ.

ನನ್ನನ್ನು ನಕಲು ಮಾಡು!

ಹಾಗಾದರೆ ಅದು ಹುಳವೇ? ಅಲ್ಲ. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಕಾಲಿಲ್ಲ. ಅದು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ. ಇದನ್ನು ಮಕ್ಕಳಿಗೆ ಹೇಗೆ ತಿಳಿಸುವುದು?

ಇಂದಿನ ಪಾಲಕರು ಚಿಕ್ಕವರಿದ್ದಾಗ ಮನೆಗೆ ಬರುತ್ತಿದ್ದ ಕರಪತ್ರಗಳನ್ನು ನೆನಪಿಸಿಕೊಳ್ಳಲಿ. ಯಾವುದೋ ಕ್ಷೇತ್ರದಲ್ಲಿ ಯಾವುದೋ ಪವಾಡ ನಡೆಯಿತೆಂದು ಶುರುವಾಗಿ, ಇದನ್ನು ಓದಿದವರು ಇಷ್ಟು ಪ್ರತಿ ಮಾಡಿಸಿ ಹಂಚಬೇಕು, ಹಂಚದಿದ್ದರೆ ಕೆಡುಕು ತಪ್ಪದು ಎಂದು ಮುಗಿಯುತ್ತಿದ್ದವು. ಆ ಕಾಗದಕ್ಕೆ ತಾನಾಗಿ ನಡೆಯಲು ಕಾಲಿರಲಿಲ್ಲ, ಬರೆಯಲು ಕೈಯಿರಲಿಲ್ಲ. ಯಾರೂ ಓದದೆ ಕಟ್ಟೆಯ ಮೇಲೆ ಬಿಟ್ಟರೆ ಬಿಸಿಲಿಗೆ ಒಣಗಿ ಹರಿದು ಹೋಗುತ್ತಿತ್ತು. ಆದರೆ ಹೆದರುವ ಕೈಗೆ ಸಿಕ್ಕರೆ ಮುಗಿಯಿತು. ಗದಗಿಗೆ ಹೋಗಿ, ಸ್ವಂತ ದುಡ್ಡು ಕೊಟ್ಟು, ಮುದ್ರಣಾಲಯದಲ್ಲಿ ಪ್ರತಿ ಹಾಕಿಸಿ ಹಂಚುವವರಿದ್ದರು. ಇಂದು ಅದೇ ಕಾಗದ ಮೊಬೈಲಿನೊಳಗೆ ಸೇರಿಕೊಂಡು ಒಂದು ಬೆರಳೊತ್ತಿನಲ್ಲಿ ನೂರು ಮನೆ ತಲುಪುತ್ತದೆ.

ವೈರಸ್ ಎಂದರೆ ಅಂಥ ಒಂದು ಚೀಟಿ. ಮೇಲೆ ಪ್ರೋಟೀನಿನ ಲಕೋಟೆ, ಒಳಗೆ ರಾಸಾಯನಿಕ ಅಕ್ಷರಗಳಲ್ಲಿ ಬರೆದ ಆಜ್ಞೆ. ಆಜ್ಞೆಯ ಸಾರಾಂಶ ಇಷ್ಟೆ: ‘ನನ್ನನ್ನು ನಕಲು ಮಾಡು.’ ನಮ್ಮ ಮೈ ಕೋಟಿ ಕೋಟಿ ಜೀವಕೋಶಗಳಿಂದಾಗಿದೆ. ಒಂದೊಂದು ಜೀವಕೋಶವೂ ಒಂದು ಪುಟ್ಟ ಮುದ್ರಣಾಲಯ. ಮೈಗೆ ಬೇಕಾದ್ದನ್ನು ಹಗಲಿರುಳು ಅಲ್ಲಿ ಅಚ್ಚು ಹಾಕಲಾಗುತ್ತಿರುತ್ತದೆ. ವೈರಸ್ ಒಳಗೆ ನುಸುಳಿ ತನ್ನ ಚೀಟಿಯನ್ನು ಅಲ್ಲಿನ ಕಾಗದಗಳ ನಡುವೆ ಸೇರಿಸಿಬಿಡುತ್ತದೆ. ಕೆಲಸಗಾರರಿಗೆ ಗುರುತು ಸಿಗುವುದಿಲ್ಲ. ತಮ್ಮ ಕೆಲಸ ಬಿಟ್ಟು ಆ ಚೀಟಿಯನ್ನೇ ಸಾವಿರಗಟ್ಟಲೆ ಅಚ್ಚು ಹಾಕುತ್ತಾರೆ. ಅವು ಹೊರಬಿದ್ದು ಪಕ್ಕದ ಜೀವಕೋಶಗಳಿಗೆ ಹೋಗುತ್ತವೆ.

ಚೀಟಿ ದೊಡ್ಡದೇನಲ್ಲ. ಮನುಷ್ಯನ ಮೈಯ ಬರಹ ಸುಮಾರು 300 ಕೋಟಿ ಅಕ್ಷರಗಳದಾದರೆ, ಕೊರೊನಾ ವೈರಸ್ಸಿನದು ಸುಮಾರು 30,000, ಮಂಗನಬಾವಿನದು ಸುಮಾರು 15,000. ಹೆಸರಿನ ಹಳದಿ ನಂಜಿನದು ಎರಡು ತುಂಡು ಚೀಟಿ, ಒಂದೊಂದರಲ್ಲಿ ಸುಮಾರು 2,700 ಅಕ್ಷರ. ಮಗುವಿನ ಪಠ್ಯಪುಸ್ತಕದ ಕೆಲವು ಪುಟಗಳಲ್ಲಿ ಮುಗಿದು ಹೋಗುವಷ್ಟು ಬರಹ ಎಕರೆಗಟ್ಟಲೆ ಬೆಳೆಯನ್ನು ಹಳದಿ ಮಾಡುತ್ತದೆ.

ಕೈಬರಹದಲ್ಲಿ ನಕಲು ಮಾಡುವಾಗ ತಪ್ಪಾಗುವಂತೆ ಇಲ್ಲಿಯೂ ತಪ್ಪಾಗುತ್ತದೆ. ಬಹಳಷ್ಟು ತಪ್ಪುಗಳಿಂದ ಚೀಟಿಯೇ ಕೆಡುತ್ತದೆ. ಯಾವುದೋ ಒಂದು ತಪ್ಪಿನಿಂದ ಅದು ಇನ್ನೂ ವೇಗವಾಗಿ ಹರಡಲೂಬಹುದು. ಕೊರೊನಾಕ್ಕೆ ಡೆಲ್ಟಾ, ಓಮಿಕ್ರಾನ್ ಎಂಬ ರೂಪಗಳು ಬಂದದ್ದು ಹೀಗೆ. ಮನುಷ್ಯ ಬರೆದ ‘ಕಂಪ್ಯೂಟರ್ ವೈರಸ್’ ಈ ಹೆಸರನ್ನು ಎರವಲು ಪಡೆದದ್ದೂ ಇದಕ್ಕಾಗಿಯೇ. ಅದೂ ಬೇರೊಬ್ಬರ ಯಂತ್ರದೊಳಗೆ ನುಸುಳಿ ತನ್ನನ್ನೇ ನಕಲು ಮಾಡಿಸಿಕೊಳ್ಳುವ ಬರಹ. ಅದು ಮನುಷ್ಯರಿಗೆ ತಗಲುವುದಿಲ್ಲ ಎಂಬುದನ್ನೂ ಸಣ್ಣವರಿಗೆ ಹೇಳಬೇಕು. ಅವರು ನಿಜವಾಗಿಯೂ ಹಾಗೆ ಹೆದರುವುದುಂಟು.

ವೈರಸ್ ಜೀವಿಯೇ, ನಿರ್ಜೀವಿಯೇ ಎಂದು ಮಗು ಕೇಳಿದರೆ ಅಳುಕಬೇಕಿಲ್ಲ. ಜೀವಕೋಶದ ಹೊರಗೆ ಅದು ಉಪ್ಪಿನ ಹರಳಿನಂತೆ ಸುಮ್ಮನೆ ಬಿದ್ದಿರುತ್ತದೆ. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಹೊಗೆಸೊಪ್ಪಿನ ವೈರಸ್ಸನ್ನು ನಿಜಕ್ಕೂ ಹರಳುಗಟ್ಟಿಸಿದ. ಒಳಗೆ ಹೋದರೆ ಜೀವಿಯಂತೆ ಹೆಚ್ಚುತ್ತದೆ. ಎರಡರ ಗಡಿಯಲ್ಲಿರುವ ವಸ್ತು ಅದು. ವಿಜ್ಞಾನಿಗಳೇ ಇದರ ಬಗ್ಗೆ ಇನ್ನೂ ವಾದಿಸುತ್ತಾರೆ ಎಂದು ಹೇಳಿದರೆ ಮಗುವಿಗೆ ಖುಷಿಯೇ.

ಗಿಡ ಕೀಳುವ ಪ್ರಶ್ನೆ

ಮತ್ತೆ ಹೊಲಕ್ಕೆ ಬರೋಣ. ಅಜ್ಜ ಹಳದಿ ತಿರುಗಿದ ಗಿಡಗಳನ್ನು ಒಂದೊಂದಾಗಿ ಕಿತ್ತು ಒಂದೆಡೆ ಗುಡ್ಡೆ ಹಾಕುತ್ತಿದ್ದಾನೆ. ಈ ನಂಜನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಒಯ್ಯುವುದು ಬಿಳಿನೊಣ. ರೋಗದ ಗಿಡದ ರಸ ಹೀರಿ, ಹಾರಿ ಹೋಗಿ, ಒಳ್ಳೆಯ ಗಿಡದ ರಸ ಹೀರಲು ಕುಳಿತಾಗ ಚೀಟಿ ದಾಟುತ್ತದೆ. ಆರಂಭದಲ್ಲೇ ರೋಗದ ಗಿಡ ಕಿತ್ತರೆ ಉಳಿದ ಬೆಳೆ ಉಳಿದೀತು. ಎಲ್ಲವನ್ನೂ ನೋಡುತ್ತಿದ್ದ ಹುಡುಗಿ ಕೇಳುತ್ತಾಳೆ:

“ಹಂಗಾದ್ರ ನನ್ನ ಗೆಳತೀನ್ನೂ ಕಿತ್ತು ಒಗೀತಾರೇನಜ್ಜಾ?”

ಮಕ್ಕಳಿಗೆ ಹೋಲಿಕೆ ಹೇಳುವವರೆಲ್ಲರೂ ಈ ಪ್ರಶ್ನೆಗೆ ಸಿದ್ಧರಿರಬೇಕು. ದೊಡ್ಡವರಿಗೆ ಹೋಲಿಕೆ ಎಲ್ಲಿ ಮುಗಿಯುತ್ತದೆಂದು ಗೊತ್ತು, ಮಗುವಿಗೆ ಗೊತ್ತಿಲ್ಲ. ಅದು ಕೊನೆಯವರೆಗೂ ಎಳೆದುಕೊಂಡು ಹೋಗುತ್ತದೆ. ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹೇಳಿಕೊಡುವುದೂ ಪಾಠದ ಭಾಗವೇ.

ಅಜ್ಜ ಕೈಯಲ್ಲಿನ ಗಿಡ ಕೆಳಗಿಟ್ಟು ಹೇಳುತ್ತಾನೆ: “ಹಂಗ ಅನಬಾರದವ್ವ. ಗಿಡಕ್ಕ ಈ ನಂಜು ಹತ್ತಿದರ ಅದು ಮತ್ತ ನೆಟ್ಟಗ ಆಗೂದಿಲ್ಲ. ಮನಿಷ್ಯಾರ ಮೈಯಾಗ ನಂಜಿನ ಕೂಡ ಬಡದಾಡೂ ಶಕ್ತಿ ಇರತೈತಿ. ನಿನ್ನ ಗೆಳತಿ ಆರಾಮ ಆಗತಾಳ. ಅಲ್ಲೀತನಾ ಆಕಿ ಮನ್ಯಾಗ ಇರಲಿ. ಆಮ್ಯಾಲ ನೀನ ಹೋಗಿ ಕರಕೊಂಡು ಬಾ.”

“ಈ ಎಲಿ ಮುಟ್ಟೇನಲ್ಲ, ನನಗ ಹಳದಿ ಆಗತೈತೇನು?”

ಆಗುವುದಿಲ್ಲ. ಪ್ರತಿ ವೈರಸ್ಸಿನ ಲಕೋಟೆಗೂ ತಕ್ಕ ಬಾಗಿಲುಗಳು ಬೇರೆ ಬೇರೆ. ಒಂದು ಕೀಲಿಕೈ ಎಲ್ಲ ಕೀಲಿಗಳನ್ನೂ ತೆರೆಯುವುದಿಲ್ಲ. ಹೆಸರಿನ ನಂಜಿಗೆ ಮನುಷ್ಯನ ಮೈಯ ಬಾಗಿಲು ತೆರೆಯದು. ಮಂಗನಬಾವಿನ ವೈರಸ್ಸಿಗೆ ಹೆಸರಿನ ಗಿಡದ ಬಾಗಿಲು ತೆರೆಯದು. ಹಾಗೆಯೇ ವೈರಸ್ಸುಗಳೆಲ್ಲ ನಮಗೆ ಕೇಡು ಮಾಡುವವಲ್ಲ. ಬ್ಯಾಕ್ಟೀರಿಯಾಗಳನ್ನು ಮಾತ್ರ ಹೊಕ್ಕು ಅವುಗಳನ್ನು ಒಡೆಯುವ ವೈರಸ್ಸುಗಳು ಮಣ್ಣಿನಲ್ಲಿ, ನೀರಿನಲ್ಲಿ ಲೆಕ್ಕವಿಲ್ಲದಷ್ಟಿವೆ.

ಮಂಗನಬಾವಿಗೂ ಮಂಗನಿಗೂ ಏನು?

ಮಂಗನಬಾವಿಗೂ ಮಂಗನಿಗೂ ಯಾವ ಸಂಬಂಧವೂ ಇಲ್ಲ. ಕಿವಿಯ ಕೆಳಗೆ, ದವಡೆಯ ಪಕ್ಕದಲ್ಲಿರುವ ಜೊಲ್ಲು ಸುರಿಸುವ ಗ್ರಂಥಿಗಳು ಬಾತು, ಮಂಗ ಗಲ್ಲದಲ್ಲಿ ಕಡಲೆ ತುಂಬಿಕೊಂಡಂತೆ ಮುಖ ಕಾಣುತ್ತದೆ. ಅದಕ್ಕೇ ಆ ಹೆಸರು. ಹುಣಸೆಹಣ್ಣು ತಿಂದರೆ ಜೊಲ್ಲು ಉಕ್ಕುತ್ತದಲ್ಲ, ಆಗ ಬಾತ ಗ್ರಂಥಿ ಹಿಂಡಿದಂತಾಗಿ ನೋವು ಹೆಚ್ಚುತ್ತದೆ. ಆದ್ದರಿಂದ ಹುಳಿ ಬೇಡ. ಮೆತ್ತನೆಯ ಊಟ, ಸಾಕಷ್ಟು ನೀರು, ವಿಶ್ರಾಂತಿ ಬೇಕು.

ನಮ್ಮ ರಾಜ್ಯದಲ್ಲಿ ಹೆಸರಿನಿಂದಾಗಿ ಇನ್ನೊಂದು ಗೊಂದಲವೂ ಆಗುತ್ತದೆ. ಮಲೆನಾಡಿನ ‘ಮಂಗನ ಕಾಯಿಲೆ’ ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಅದೂ ವೈರಸ್ಸಿನದೇ ರೋಗ. ಆದರೆ ಅದು ಕಾಡಿನ ಉಣ್ಣೆ ಕಚ್ಚಿದಾಗ ಬರುತ್ತದೆ, ಮತ್ತು ಬಹಳ ಉಗ್ರವಾದದ್ದು. ಮಂಗಗಳೂ ಅದರಿಂದ ಸಾಯುತ್ತವೆ. ಮಂಗನಬಾವು ಹರಡುವುದು ಮನುಷ್ಯರಿಂದ ಮನುಷ್ಯರಿಗೆ, ಕೆಮ್ಮಿದಾಗ ಸೀನಿದಾಗ ಹಾರುವ ಹನಿಗಳಿಂದ, ಎಂಜಲಿನಿಂದ.

ಬಾವು ಕಾಣಿಸಿಕೊಂಡ ಮೇಲೆ ಐದು ದಿನ ಮಗುವನ್ನು ಶಾಲೆಗೆ ಕಳಿಸಬಾರದು. ಆದರೆ ಒಂದು ಸಂಗತಿಯನ್ನು ಮಕ್ಕಳಿಂದ ಮುಚ್ಚಿಡಬಾರದು. ಬಾವು ಕಾಣುವ ಒಂದೆರಡು ದಿನ ಮೊದಲೇ ರೋಗ ಹರಡಲು ಆರಂಭಿಸಿರುತ್ತದೆ, ಮತ್ತು ತಗಲಿದ ಎರಡು ಮೂರು ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. ಪಕ್ಕದಲ್ಲಿ ಕುಳಿತ ಹುಡುಗಿಗೂ ಬಂದರೂ ಬರಬಹುದು. ‘ನಿನಗೆ ಬರುವುದೇ ಇಲ್ಲ’ ಎಂದು ಭರವಸೆ ಕೊಟ್ಟು, ಮೂರನೆಯ ವಾರ ಗಲ್ಲ ಬಾತರೆ, ಆ ಮಗು ಮುಂದೆ ನಮ್ಮ ಮಾತನ್ನು ನಂಬುವುದು ಹೇಗೆ? ‘ಬಂದರೂ ಬಂದೀತು, ಬಂದರೆ ನಾವು ನೋಡಿಕೊಳ್ಳುತ್ತೇವೆ’ ಎಂಬುದೇ ಸರಿಯಾದ ಉತ್ತರ.

ಹೆಚ್ಚಿನ ಮಕ್ಕಳಲ್ಲಿ ಇದು ಹತ್ತು ದಿನಗಳೊಳಗೆ ತಾನಾಗಿ ಇಳಿಯುತ್ತದೆ. ಹಾಗೆಂದು ಕಡೆಗಣಿಸುವಂತಿಲ್ಲ. ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಪದೇ ಪದೇ ವಾಂತಿ, ಕಿವಿ ಕೇಳಿಸದಿರುವುದು, ದೊಡ್ಡ ಹುಡುಗರಲ್ಲಿ ವೃಷಣದ ಬಾವು, ಇವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಸೂಜಿ ಯಾವಾಗ, ಯಾಕೆ?

‘ಒಂದು ಇಂಜೆಕ್ಷನ್ ಮಾಡಿಬಿಡ್ರಿ ಸಾಹೇಬ್ರ’ ಎಂಬ ಒತ್ತಾಯ ದವಾಖಾನೆಗಳಲ್ಲಿ ದಿನವೂ ಕೇಳಿಬರುತ್ತದೆ. ಆಂಟಿಬಯೋಟಿಕ್ ಔಷಧಿ ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳ ಮೇಲೆ. ಅವು ಸ್ವಂತ ಒಲೆ, ಸ್ವಂತ ಗೋಡೆ ಇರುವ ಜೀವಿಗಳು. ಅವುಗಳ ಗೋಡೆ ಒಡೆಯಬಹುದು, ಒಲೆ ಆರಿಸಬಹುದು. ವೈರಸ್ಸಿಗೆ ಒಲೆಯೂ ಇಲ್ಲ, ಅಂಥ ಗೋಡೆಯೂ ಇಲ್ಲ. ಅದು ನಮ್ಮ ಒಲೆಯ ಮೇಲೆಯೇ ಅಡಿಗೆ ಮಾಡಿಸಿಕೊಳ್ಳುತ್ತದೆ. ಆದ್ದರಿಂದ ನೆಗಡಿಗೆ, ಮಂಗನಬಾವಿಗೆ ಆಂಟಿಬಯೋಟಿಕ್ ಪ್ರಯೋಜನವಿಲ್ಲ. ಬೇಡವಾದಾಗ ತೆಗೆದುಕೊಂಡರೆ ಬ್ಯಾಕ್ಟೀರಿಯಾಗಳು ಅದಕ್ಕೆ ಒಗ್ಗಿಕೊಂಡು, ನಿಜವಾಗಿ ಬೇಕಾದಾಗ ಔಷಧಿ ನಾಟುವುದಿಲ್ಲ. ಕೆಲವು ವೈರಸ್ಸುಗಳಿಗೆ ಮಾತ್ರ ಪ್ರತ್ಯೇಕ ಔಷಧಿಗಳಿವೆ.

ನಮ್ಮ ನಿಜವಾದ ರಕ್ಷಣೆ ಮೈಯೊಳಗಿನ ಕಾವಲುಗಾರರದು. ಚೀಟಿಯ ಲಕೋಟೆಯನ್ನು ಒಮ್ಮೆ ಗುರುತು ಹಿಡಿದರೆಂದರೆ ಅವರು ಅದನ್ನು ನೆನಪಿಟ್ಟುಕೊಳ್ಳುತ್ತಾರೆ. ಮುಂದಿನ ಸಲ ಬಾಗಿಲಲ್ಲೇ ಹರಿದು ಹಾಕುತ್ತಾರೆ. ಮಂಗನಬಾವು ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬಾರದಿರುವುದು ಇದರಿಂದಲೇ. ನೆಗಡಿ ಮಾತ್ರ ಮತ್ತೆ ಮತ್ತೆ ಯಾಕೆ? ನೆಗಡಿ ತರುವ ವೈರಸ್ಸುಗಳಲ್ಲೇ ಇನ್ನೂರರಷ್ಟು ಬಗೆಗಳಿವೆ. ಪ್ರತಿ ಸಲವೂ ಹೊಸ ಲಕೋಟೆ!

ಲಸಿಕೆ ಎಂದರೆ ಕಾವಲುಗಾರರಿಗೆ ಮೊದಲೇ ತೋರಿಸುವ ಮಾದರಿ. ಮಂಗನಬಾವಿನ ಲಸಿಕೆಯ ಹಿಂದೆ ಒಂದು ಮಗುವೇ ಇದೆ. 1963ರಲ್ಲಿ ಅಮೆರಿಕದ ಲಸಿಕೆ ವಿಜ್ಞಾನಿ ಮಾರಿಸ್ ಹಿಲ್‌ಮನ್ ಅವರ ಐದು ವರ್ಷದ ಮಗಳು ಜೆರಿಲ್ ಲಿನ್‌ಗೆ ರಾತ್ರಿ ಮಂಗನಬಾವು ಕಾಣಿಸಿತು. ತಂದೆ ಆಕೆಯ ಗಂಟಲಿನಿಂದ ದ್ರವವನ್ನು ಹತ್ತಿಯಿಂದ ಒರೆಸಿ ತೆಗೆದು ಪ್ರಯೋಗಾಲಯಕ್ಕೆ ಒಯ್ದರು. ಆ ವೈರಸ್ಸನ್ನು ಕೋಳಿಯ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ರೋಗ ತರುವ ಬಲ ಕುಂದುವಂತೆ ಮಾಡಿದರು. ಆ ಲಸಿಕೆಗೆ 1967ರಲ್ಲಿ ಪರವಾನಿಗೆ ದೊರೆಯಿತು. ಅದನ್ನು ಮೊದಲು ಪಡೆದ ಮಕ್ಕಳಲ್ಲಿ ಜೆರಿಲ್‌ಳ ಪುಟ್ಟ ತಂಗಿಯೂ ಒಬ್ಬಳು. ಅಕ್ಕನ ಬೇನೆಯೇ ತಂಗಿಗೆ ರಕ್ಷೆಯಾಯಿತು. ಆ ತಳಿಗೆ ಇಂದಿಗೂ ಹುಡುಗಿಯ ಹೆಸರೇ ಇದೆ.

ನಮ್ಮ ದೇಶದ ಸರ್ಕಾರಿ ಲಸಿಕೆ ಪಟ್ಟಿಯಲ್ಲಿರುವುದು ದಡಾರ ಮತ್ತು ರುಬೆಲ್ಲಾ ಲಸಿಕೆ. ಮಂಗನಬಾವನ್ನೂ ಸೇರಿಸಿದ ಲಸಿಕೆ ಬೇಕಾದವರು ಮಕ್ಕಳ ವೈದ್ಯರನ್ನು ಕೇಳಬೇಕು. 2017ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನವರಿಗೆ ದಡಾರ–ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ನಡೆದಾಗ, ಮೊಬೈಲಿನಲ್ಲಿ ಹರಿದಾಡಿದ ಸುಳ್ಳು ಸುದ್ದಿಗೆ ಹೆದರಿದ ಪಾಲಕರಿದ್ದರು. ವೈರಸ್ಸಿನ ಚೀಟಿಯನ್ನು ತಡೆಯಲು ಬಂದ ಸೂಜಿಯನ್ನು ಇನ್ನೊಂದು ಬಗೆಯ ಚೀಟಿ ತಡೆಯಿತು!

ಮಕ್ಕಳಿಗೆ ಸೂಜಿಯ ನೋವಿನ ಜೊತೆಗೆ ಅದರ ಗೆಲುವನ್ನೂ ಹೇಳಬೇಕು. ಅಜ್ಜ ಅಜ್ಜಿಯರ ಮುಖದಲ್ಲಿ ಕುಳಿ ಬಿಟ್ಟುಹೋದ ಸಿಡುಬು ಇಂದು ಭೂಮಿಯ ಮೇಲೆ ಯಾರಿಗೂ ಬರುವುದಿಲ್ಲ. 1980ರಲ್ಲಿ ಜಗತ್ತು ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಭಾರತದಲ್ಲಿ ನೈಸರ್ಗಿಕ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ದೊರೆಯಿತು. ರವಿವಾರಗಳಂದು ಸಾಲಾಗಿ ನಿಂತು ಬಾಯಿ ತೆರೆದ ಮಕ್ಕಳೇ ಆ ಗೆಲುವು ತಂದವರು.

ಮನೆಯಲ್ಲಿ ಮಾಡಿ ನೋಡಿ

ಮಗುವಿನ ಬಲ ಅಂಗೈಗೆ ಒಂದಿಷ್ಟು ಅರಿಷಿಣ ಪುಡಿ ಸವರಿ ಹತ್ತು ನಿಮಿಷ ಆಡಲು ಬಿಡಿ. ಆಮೇಲೆ ಹಳದಿ ಎಲ್ಲೆಲ್ಲಿ ಹೋಗಿದೆ ಎಂದು ಇಬ್ಬರೂ ಕೂಡಿ ಹುಡುಕಿ. ಬಾಗಿಲ ಚಿಲಕ, ನೀರಿನ ತಂಬಿಗೆ, ತಮ್ಮನ ಗಲ್ಲ, ಕೊನೆಗೆ ತನ್ನದೇ ಮೂಗು! ಯಾರನ್ನೂ ಬೈಯದೆ, ವೈರಸ್ ಹೇಗೆ ಊರು ಸುತ್ತುತ್ತದೆ ಎಂದು ಅದಕ್ಕೇ ತಿಳಿಯುತ್ತದೆ.

ಇನ್ನೊಂದು ದಿನ ಮಿರ್ಚಿ ಭಜಿ ತಿಂದ ಕೈಯನ್ನು ಮೊದಲು ಬರೀ ನೀರಲ್ಲಿ, ಆಮೇಲೆ ಸಾಬೂನು ಹಚ್ಚಿ ತೊಳೆಯಲಿ. ಎಣ್ಣೆ ಬಿಡಿಸುವುದು ಸಾಬೂನು. ಮಂಗನಬಾವು, ಕೊರೊನ ಮೊದಲಾದ ವೈರಸ್ಸುಗಳ ಹೊರಲಕೋಟೆಯಲ್ಲಿ ಕೊಬ್ಬಿನ ಪದರವಿದೆ. ಸಾಬೂನು ಅದನ್ನೂ ಹೀಗೆಯೇ ಕರಗಿಸಿ ಚೀಟಿಯನ್ನು ಕೆಡಿಸುತ್ತದೆ. ಕೊಬ್ಬಿನ ಪದರ ಇಲ್ಲದ ವೈರಸ್ಸುಗಳೂ ಇವೆ. ಅವು ತಿಕ್ಕಿದ ನೊರೆಯೊಡನೆ ಕೊಚ್ಚಿಹೋಗುತ್ತವೆ.

ಎಷ್ಟು ಹೇಳಬೇಕು ಎಂಬುದನ್ನು ವಯಸ್ಸು ನಿರ್ಧರಿಸಲಿ. ಐದರ ಮಗುವಿಗೆ ಮೂರು ಮಾತು ಸಾಕು: ಅದು ಬಹಳ ಸಣ್ಣದು, ಅದು ಯಾರ ತಪ್ಪೂ ಅಲ್ಲ, ಕೈ ತೊಳೆದರೆ ಕಡಿಮೆಯಾಗುತ್ತದೆ. ಎಂಟರ ಮಗುವಿಗೆ ಚೀಟಿಯ ಕಥೆ ಹೇಳಿ. ಹನ್ನೆರಡರವರಿಗೆ ಇವನೋವ್‌ಸ್ಕಿಯ ಸೋಸಣಿಗೆಯನ್ನು ಪರಿಚಯಿಸಿ. ನಿಮಗೆ ಗೊತ್ತಿಲ್ಲದ್ದನ್ನು ಕೇಳಿದರೆ ‘ಗೊತ್ತಿಲ್ಲ, ಕೇಳೋಣ’ ಎನ್ನಿ. ಹೊಲದ ನಂಜಿನ ಬಗ್ಗೆ ಕೇಳಲು ಗದಗ ಭಾಗದವರಿಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವಿದೆ. ಮೈಯ ನಂಜಿಗೆ ಊರ ಆರೋಗ್ಯ ಕೇಂದ್ರವಿದೆ. ಅಪ್ಪನೂ ಇನ್ನೊಬ್ಬರನ್ನು ಕೇಳಿ ಕಲಿಯುತ್ತಾನೆ ಎಂಬುದನ್ನು ಮಗು ಕಣ್ಣಾರೆ ನೋಡಲಿ.

ಮರುವಾರ ಕೋಟುಮಚಗಿಯ ಆ ಹುಡುಗಿ ಸಾಲಿಗೆ ಹೊರಡುವಾಗ ನೇರ ದಾರಿ ಬಿಟ್ಟು ಗೆಳತಿಯ ಓಣಿಗೆ ತಿರುಗುತ್ತಾಳೆ. ಇಬ್ಬರೂ ಕೈ ಹಿಡಿದು ವರ್ಗದೊಳಗೆ ಬಂದಾಗ ಹಿಂದಿನ ಸಾಲಿನಿಂದ ಯಾರೋ ‘ಮಂಗ್ಯಾ’ ಎನ್ನುತ್ತಾರೆ. ಹುಡುಗಿ ತಿರುಗಿ ನಿಲ್ಲುತ್ತಾಳೆ.

“ಅದು ನಂಜು. ಯಾರಿಗಿ ಬೇಕಾದರೂ ಬರತೈತಿ. ನಿನಗೂ.”

ಗೆಳತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಹಿಂದಿನ ವಾರದ ಲೆಕ್ಕ ತೋರಿಸಲು ಪಾಟಿಚೀಲ ಬಿಚ್ಚುತ್ತಾಳೆ.